ಕುದುರೆ ಚಿತ್ರದ ಸೀಸೆ

ಕಾರಿನ ಬಾಗಿಲು ತೆರೆದೇ ಇತ್ತು. ಬಾನೆಟ್ಟೂ ಎತ್ತಿತ್ತು. ಡ್ರೈವಿಂಗ್ ಶಾಲೆಯ ಮೇಷ್ಟ್ರು ಕಲಿಸುವವರ ಸೀಟಿನಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂತಿದ್ದರು.

ನಿದ್ದೆ ಹತ್ತಿರಬೇಕು ಅಂದುಕೊಂಡಳು ಬಣ್ಣದ ಅಂಗಡಿಯವಳು. ಆ ದಿನ ಬೆಳಗಿನ ಪಾಠ ಅವಳದೇ. ಮುಗಿಸಿ ಅಂಗಡಿಯ ಬಾಗಿಲವರೆಗೂ ಹೋದವಳಿಗೆ ಕನ್ನಡಕ ಕಾರಿನಲ್ಲೇ ಉಳಿದದ್ದು ನೆನಪಾಗಿ ತಿರುಗಿ ಬಂದಿದ್ದಳು.

"ಸಾರ್, ಕನ್ನಡಕ ಬಿಟ್ಟು ಹೋಗಿದ್ದೆ."

ಭುಜ ಮುಟ್ಟಿದಳು. ಮೇಷ್ಟ್ರು ಮೆಲ್ಲಗೆ ಪಕ್ಕಕ್ಕೆ ವಾಲಿದರು.

ಅವಳ ಕೂಗಿಗೆ ಮೊದಲು ಓಡಿ ಬಂದವನು ಪಕ್ಕದ ಮೆಡಿಕಲ್ ಶಾಪಿನ ಮಾಲೀಕ. ಬೀದಿಗೆಲ್ಲ ಅವನು 'ಮಾತ್ರೆ ಮಾಮ'. ನೆಗಡಿಯಿಂದ ಹಿಡಿದು ನಿದ್ದೆಗೇಡಿನವರೆಗೆ ಎಲ್ಲಕ್ಕೂ ಜನ ಮೊದಲು ಕೇಳುತ್ತಿದ್ದುದು ಅವನನ್ನೇ. ಮಾಮ ನಾಡಿ ಹಿಡಿದ. ಕಣ್ಣರೆಪ್ಪೆ ಎತ್ತಿ ನೋಡಿದ.

"ಓಡಮ್ಮ! ಆಫೀಸಿಂದ ಆಂಬುಲೆನ್ಸಿಗೆ ಫೋನ್ ಮಾಡು!"

ಅವಳು ಓಡಿದಳು. ಫೋನ್ ಮಾಡಿ ಬರುವ ಹೊತ್ತಿಗೆ ಮಾಮ ಕಾರಿನ ಪಕ್ಕ ನಿಂತು ತಲೆಯಾಡಿಸುತ್ತಿದ್ದ.

"ಹೋಗ್ಬಿಟ್ರು ಕಣಮ್ಮ. ಹಾರ್ಟು."

* * *

ಹಾರ್ಟು ಅಂತಲೇ ಎಲ್ಲ ಮುಗಿದುಹೋಗುತ್ತಿತ್ತು. ಮುಗಿಯಗೊಡದವಳು ಮೇಷ್ಟ್ರ ಅಕ್ಕ. ಸಂಜೆಯೊಳಗೆ ಪೊಲೀಸ್ ಠಾಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು.

"ನನ್ನ ತಮ್ಮನಿಗೆ ವಿಷ ಹಾಕಿದ್ದಾರೆ."

"ಯಾರು?" ಕೇಳಿದಳು ಇನ್‌ಸ್ಪೆಕ್ಟರ್.

"ಇನ್ಯಾರು? ಕಟ್ಟಿಕೊಂಡವಳೇ. ಎರಡನೇ ಮದುವೆ ಬೇಡ, ಹುಡುಗಿ ಚಿಕ್ಕವಳು ಅಂತ ಬಡ್ಕೊಂಡೆ. ಕೇಳಲಿಲ್ಲ. ಒಂದು ವರ್ಷದಿಂದ ಇಬ್ರಿಗೂ ಬೇರೆ ಬೇರೆ ಕೋಣೆ. ಮಾತಿಲ್ಲ, ಕತೆಯಿಲ್ಲ. ಈಗೊಂದು ತಿಂಗಳಿಂದ ಇದ್ದಕ್ಕಿದ್ದಂಗೆ ಪ್ರೀತಿ ಉಕ್ಕಿ ಹರೀತಿತ್ತು. ಫ್ಲಾಸ್ಕಲ್ಲಿ ಟೀ ಹಾಕಿ ಕೈಗೆ ಕೊಟ್ಟು ಕಳಿಸ್ತಿದ್ಲು. ನೀವೇ ಹೇಳಿ, ಇದು ನಂಬೋ ಮಾತಾ?"

ಇನ್‌ಸ್ಪೆಕ್ಟರ್ ಈ ಠಾಣೆಗೆ ಹೊಸಬಳು. ಕಡಿಮೆ ಮಾತು, ತೀಕ್ಷ್ಣ ನೋಟ. ಯಾರ ಮಾತನ್ನೂ ತಳ್ಳಿಹಾಕುವವಳಲ್ಲ, ಯಾರ ಮಾತನ್ನೂ ನುಂಗುವವಳೂ ಅಲ್ಲ.

"ಶವ ಪರೀಕ್ಷೆ ಆಗಲಿ," ಎಂದಳು. "ದಫೇದಾರ್ರೇ, ಜೀಪು ತೆಗೀರಿ."

ದಫೇದಾರ ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತ ಎದ್ದ. ನಿವೃತ್ತಿ ಹತ್ತಿರವಿದ್ದ ಗಟ್ಟಿ ಆಳು. ಮುಖ ಮಾತ್ರ ಒಲೆ ಮುಂದೆ ಕೂತವರಂತೆ ಕೆಂಪಗಿತ್ತು.

"ಮತ್ತೆ ನೆಗಡೀನಾ?"

"ಹೂಂ ಮೇಡಂ. ಬರುತ್ತೆ, ಹೋಗುತ್ತೆ."

* * *

ಕಾರು ಶಾಲೆಯ ಅಂಗಳದಲ್ಲೇ ಇತ್ತು. ಇನ್‌ಸ್ಪೆಕ್ಟರ್ ಸುತ್ತ ಒಂದು ಸಲ ನಡೆದಳು. ಎಂಜಿನ್ ಪಕ್ಕದಲ್ಲಿ ಆಯಿಲ್ ಮೆತ್ತಿದ ಬಟ್ಟೆ. ಬಾಗಿಲ ಹಿಡಿಯ ಮೇಲೆ ಕಪ್ಪು ಬೆರಳಚ್ಚು. ಸೀಟಿನ ಪಟ್ಟಿಯ ಮೇಲೂ ಅದೇ. ಮೇಷ್ಟ್ರು ಆಯಿಲ್ ನೋಡುತ್ತಿದ್ದಾಗಲೇ ಎದೆ ಹಿಡಿದಿದೆ. ಕೈ ಒರೆಸಿಕೊಳ್ಳುವಷ್ಟೂ ಪುರುಸೊತ್ತು ಸಿಕ್ಕಿಲ್ಲ. ಬಂದು ಕೂತಿದ್ದಾರೆ.

ಕಾಲ ಬಳಿ ಒಂದು ಪುಟ್ಟ ಸ್ಪ್ರೇ. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಹೊಡೆದುಕೊಳ್ಳುವಂಥದು. ಅದರ ಮೇಲೂ ಕಪ್ಪು ಗುರುತು.

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಟೀ ಫ್ಲಾಸ್ಕು. ಅದರ ಹಿಂದೆ ಒಂದು ಕಂದು ಸೀಸೆ. ಮೇಲೆ ಮುಂಗಾಲೆತ್ತಿ ನಿಂತ ಕುದುರೆಯ ಚಿತ್ರ. ಒಳಗೆ ಕ್ಯಾಪ್ಸೂಲುಗಳು.

"ಅದಾ ಮೇಡಂ?" ಬೇಲಿಯಾಚೆಯಿಂದ ದನಿ ಬಂತು. ಮಾತ್ರೆ ಮಾಮ. "ಬರೀ ಬೇರು ನಾರಿನ ಪುಡಿ. ಶಕ್ತಿಗೆ ಅಂತ ನನ್ನ ಅಂಗಡೀಲೇ ತಗೊಳ್ತಿದ್ರು. ಬೇಕಾದ್ರೆ ಲ್ಯಾಬಿಗೆ ಕಳಿಸಿ ನೋಡಿ."

"ಕಳಿಸ್ತೀವಿ. ಸ್ಪ್ರೇ?"

"ಅದೂ ನಾನೇ ಕೊಟ್ಟಿದ್ದು. ನಿನ್ನೆ ಹಾರ್ಟ್ ಡಾಕ್ಟ್ರ ಚೀಟಿ ತಂದಿದ್ರು. ಪಾಪ, ಒಳ್ಳೆ ಮನುಷ್ಯ."

ದಫೇದಾರ ಕುದುರೆ ಸೀಸೆಯನ್ನು ನೋಡಿದ. ತಕ್ಷಣ ಬೇರೆ ಕಡೆ ನೋಡಿದ. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದಳು.

* * *

ವರದಿ ಬಂದ ದಿನ ಶವಾಗಾರದ ಡಾಕ್ಟರು ಅವಳನ್ನು ತಮ್ಮ ಕೋಣೆಗೇ ಕರೆಸಿಕೊಂಡರು. ಬೆಳ್ಳಗೆ ಹುಬ್ಬು ನರೆತ ಮನುಷ್ಯ. ಸತ್ತವರ ಜೊತೆ ಇದ್ದೂ ಇದ್ದೂ ಬದುಕಿರುವವರ ಸಂಕೋಚ ಅವರಿಗೆ ಮರೆತುಹೋಗಿತ್ತು.

"ಟೀಯಲ್ಲಿ ಏನೂ ಇಲ್ಲ. ವಿಷದ ಮಾತು ಬಿಡಿ. ಹೃದಯದ ರಕ್ತನಾಳ ಕಿರಿದಾಗಿತ್ತು ನಿಜ, ಆದ್ರೆ ಮುಚ್ಚಿರಲಿಲ್ಲ. ಆತನನ್ನ ಕೊಂದಿದ್ದು ಎರಡು ಔಷಧಿ. ಎರಡೂ ಒಳ್ಳೇವೇ. ಒಟ್ಟಿಗೆ ಸೇರಬಾರದು, ಅಷ್ಟೇ."

"ಒಂದು ಸ್ಪ್ರೇ."

"ಹೌದು, ನೈಟ್ರೇಟ್. ರಕ್ತನಾಳ ಹಿಗ್ಗಿಸುತ್ತೆ. ಇನ್ನೊಂದು ಸಿಲ್ಡೆನಾಫಿಲ್. ಗಂಡಸರು ನಿಮಿರುವಿಕೆಯ ತೊಂದರೆಗೆ ತಗೊಳ್ಳೋ ಮಾತ್ರೆ. ಅದೂ ರಕ್ತನಾಳ ಹಿಗ್ಗಿಸುತ್ತೆ. ಎರಡೂ ಜೊತೆಯಾದ್ರೆ ಬಿಪಿ ಪಾತಾಳಕ್ಕೆ ಇಳಿಯುತ್ತೆ. ಮೇಲೆ ಬರೋದು ಕಷ್ಟ."

"ಕುದುರೆ ಸೀಸೆ?"

"ಅದೇ ತಮಾಷೆ. ಆ ಸೀಸೆಯಲ್ಲಿ ಶುದ್ಧ ಬೇರಿನ ಪುಡಿ. ಸಿಲ್ಡೆನಾಫಿಲ್ ಒಂದು ಕಣಾನೂ ಇಲ್ಲ."

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡಳು. ರಕ್ತದಲ್ಲಿರುವುದು ಸೀಸೆಯಲ್ಲಿಲ್ಲ. ಹಾಗಾದರೆ ಬಂದದ್ದೆಲ್ಲಿಂದ?

"ಡಾಕ್ಟ್ರೇ, ಆ ತೊಂದರೆ ಗಂಡಸರಿಗೆ ಬರೋದಾದ್ರೂ ಯಾಕೆ?"

ಬಾಗಿಲ ಬಳಿ ನಿಂತಿದ್ದ ದಫೇದಾರ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

"ಜನ ಎರಡೇ ಕಾರಣ ಹೇಳ್ತಾರೆ. ಒಂದು ವಯಸ್ಸು, ಇನ್ನೊಂದು ಹೆಂಡತಿ," ಡಾಕ್ಟರು ನಕ್ಕರು. "ಎರಡೂ ಸುಲಭದ ಸುಳ್ಳು. ನಿಮಿರುವಿಕೆ ಅಂದ್ರೆ ರಕ್ತದ ಓಟ. ಅಲ್ಲಿನ ನಾಳ ಹೃದಯದ ನಾಳಕ್ಕಿಂತ ಸಣ್ಣದು. ಕೊಬ್ಬು ಕಟ್ಟೋಕೆ ಶುರುವಾದ್ರೆ ಎಷ್ಟೋ ಸಲ ಮೊದಲು ಸೊರಗೋದು ಅದೇ. ಎದೆ ನೋಯೋದು ಆಮೇಲೆ, ಕೆಲವರಿಗೆ ವರ್ಷಗಟ್ಟಲೆ ಆಮೇಲೆ. ಸಕ್ಕರೆ ಕಾಯಿಲೆ ಇದ್ರೆ ನರಾನೂ ಕೆಡುತ್ತೆ, ನಾಳಾನೂ ಕೆಡುತ್ತೆ. ಬಿಪಿ, ಸಿಗರೇಟು, ಕುಡಿತ, ಕೆಲವು ಮಾತ್ರೆಗಳು, ಹಾರ್ಮೋನು, ಎಲ್ಲಾ ಸಾಲಾಗಿ ನಿಂತಿರ್ತವೆ. ಮನಸ್ಸಿನದ್ದೂ ಉಂಟು. ಭಯ, ಚಿಂತೆ, ಖಿನ್ನತೆ."

"ಮನಸ್ಸಿನದೋ ದೇಹದ್ದೋ ಅಂತ ತಿಳಿಯೋದು ಹೇಗೆ?"

"ಮನಸ್ಸಿನದಾದ್ರೆ ಸಾಮಾನ್ಯವಾಗಿ ಇದ್ದಕ್ಕಿದ್ದಂತೆ ಬರುತ್ತೆ. ಒಂದು ಹೊತ್ತಿಗೆ ಇರುತ್ತೆ, ಇನ್ನೊಂದು ಹೊತ್ತಿಗೆ ಇರಲ್ಲ. ಬೆಳಿಗ್ಗೆ ಏಳುವಾಗ ಎಲ್ಲ ಸರಿಯಾಗೇ ಇರುತ್ತೆ. ದೇಹದ್ದಾದ್ರೆ ನಿಧಾನಕ್ಕೆ ಬಂದು ಊರುತ್ತೆ, ಬೆಳಗಿನದ್ದೂ ಹೋಗುತ್ತೆ. ಎರಡೂ ಬೆರೆತಿರೋರೇ ಜಾಸ್ತಿ. ಪರೀಕ್ಷೆ ಮಾಡ್ದೆ ಯಾರೂ ಹೇಳಬಾರದು. ಹೇಳೋರು ಮೋಸಗಾರರು."

* * *

ಮೇಷ್ಟ್ರ ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಹಜಾರದಲ್ಲಿ ಮೇಷ್ಟ್ರ ಅಕ್ಕ. ಇನ್‌ಸ್ಪೆಕ್ಟರ್ ನಡುವಿನ ಬಾಗಿಲು ಹಾಕಿದಳು.

"ನಾನು ಕೇಳೋದು ಕೆಟ್ಟ ಪ್ರಶ್ನೆ ಅಲ್ಲ. ನೀವು ಹೇಳೋದೂ ಕೆಟ್ಟ ಉತ್ತರ ಅಲ್ಲ. ಒಂದು ವರ್ಷ ಬೇರೆ ಕೋಣೆ ಯಾಕೆ?"

ಹೆಂಡತಿ ಬಹಳ ಹೊತ್ತು ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು.

"ಬೆನ್ನುನೋವು ಅಂದ್ರು. ಆಮೇಲೆ ನಿದ್ದೆ ಬರಲ್ಲ ಅಂದ್ರು. ಹತ್ತಿರ ಹೋದ್ರೆ ಸಿಡುಕೋರು. ಇನ್ಯಾರೋ ಇದ್ದಾಳೆ ಅಂದ್ಕೊಂಡೆ ಮೇಡಂ. ಕಲಿಯೋಕೆ ಹೆಂಗಸರೂ ಬರ್ತಾರಲ್ಲ. ಅವರ ಅಂಗಿ ವಾಸನೆ ನೋಡಿದೀನಿ, ಫೋನ್ ನೋಡಿದೀನಿ. ಏನೂ ಸಿಗಲಿಲ್ಲ. ಸಿಕ್ಕಿದ್ರೇ ಚೆನ್ನಾಗಿರ್ತಿತ್ತು. ಬೈದು ಜಗಳ ಆಡಬಹುದಿತ್ತು."

"ಒಂದು ತಿಂಗಳ ಹಿಂದೆ?"

"ಕುದುರೆ ಸೀಸೆ ತಂದ್ರು. ಮೊದಲ ಸಲ ಅವತ್ತು ಬಾಯಿಬಿಟ್ಟು ಹೇಳಿದ್ರು. 'ತಪ್ಪು ನಿನ್ನದಲ್ಲ ಕಣೇ, ನನ್ನ ಕೈಲಿ ಆಗ್ತಿಲ್ಲ' ಅಂತ. ಅತ್ತುಬಿಟ್ರು. ಅಕ್ಕನ ಕಣ್ಣಿಗೆ ಬೀಳಬಾರದು ಅಂತ ಸೀಸೇನ ಕಾರಲ್ಲೇ ಇಡ್ತಿದ್ರು. ಒಂದು ಗಂಟೇಲಿ ಕೆಲಸ ಮಾಡುತ್ತೆ ಅಂತ ಮಾಮ ಹೇಳಿದ್ರಂತೆ. ಮಾಡ್ತು."

"ತೀರಿಹೋದ ದಿನ?"

"ಬೆಳಿಗ್ಗೆ ಬೇಗ ಎದ್ದು ಕಾರಿಂದ ತಂದು ತಗೊಂಡ್ರು. ನೀರು ಕೊಟ್ಟವಳು ನಾನೇ." ಅವಳು ಸೆರಗು ಬಿಟ್ಟು ತಲೆ ಎತ್ತಿದಳು. "ನಾನು ಕೊಂದೆನಾ ಮೇಡಂ?"

"ಇಲ್ಲ," ಎಂದಳು ಇನ್‌ಸ್ಪೆಕ್ಟರ್. "ಅದನ್ನ ಇವತ್ತೇ ತಲೆಯಿಂದ ತೆಗೆದುಹಾಕಿ."

ಹೊರಗೆ ಬಂದವಳು ಜೀಪಿನ ಮುಂದೆ ನಿಂತು ಹೇಳಿದಳು: "ದಫೇದಾರ್ರೇ, ಬೇರು ನಾರಿನ ಪುಡಿ ಒಂದು ಗಂಟೇಲಿ ಕೆಲಸ ಮಾಡುತ್ತಾ?"

ದಫೇದಾರ ಕೆಮ್ಮಿದ.

* * *

ಬಣ್ಣದ ಅಂಗಡಿಯವಳು ಡಬ್ಬ ಕಲಕುತ್ತಲೇ ಮಾತಾಡಿದಳು.

"ಅವತ್ತು ಮೇಷ್ಟ್ರು ಒಂಥರಾ ಇದ್ರು. ಮುಖ ಕೆಂಪು, ಮೂಗು ಕಟ್ಟಿದ ಮಾತು. ಸಿಗ್ನಲ್ಲಲ್ಲಿ ಹಸಿರು ಬಿತ್ತು. ನಾನು ಗೇರ್ ಹಾಕಿದೆ. 'ತಡೀರಿ, ಆ ದೀಪ ನೀಲಿ ಆಗಿದೆಯಲ್ಲ' ಅಂದ್ರು. ಸಾರ್, ಬಣ್ಣ ಮಾರೋಳು ನಾನು, ಅದು ಹಸಿರೇ ಅಂದೆ. ನಕ್ಕರು. ಈಚೆಗೆ ಆಗಾಗ ಹಾಗೆ ಕಾಣುತ್ತೆ ಅಂದ್ರು."

"ಮಾಮ ಬಂದಾಗ ನಿಮ್ಮನ್ನ ಫೋನಿಗೆ ಕಳಿಸಿದ್ರು ಅಲ್ವಾ?"

"ಹೌದು. ಆಫೀಸಿಗೆ ಓಡು ಅಂದ್ರು." ಅವಳ ಕೈ ನಿಂತಿತು. "ಅಯ್ಯೋ. ಮಾಮನ ಫೋನು ಅವರ ಜೇಬಲ್ಲೇ ಇತ್ತು! ಬಗ್ಗಿ ನಾಡಿ ನೋಡುವಾಗ ಬಿದ್ದುಹೋಗುತ್ತೆ ಅಂತ ನಾನೇ ಅಂದ್ಕೊಂಡಿದ್ದೆ."

ಇನ್‌ಸ್ಪೆಕ್ಟರ್ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಹಸಿರು ನೀಲಿಯಾಗಿ ಕಾಣುವುದು, ಮುಖ ಕೆಂಪೇರುವುದು, ಮೂಗು ಕಟ್ಟುವುದು, ಮೂರೂ ಸಿಲ್ಡೆನಾಫಿಲ್ ತಿಂದವರಲ್ಲಿ ಕಾಣಿಸಬಹುದು ಎಂದರು ಅವರು.

ಅವಳು ಫೋನ್ ಇಟ್ಟು ದಫೇದಾರನತ್ತ ತಿರುಗಿದಳು. ಕೆಂಪು ಮುಖ. ಕೈಯಲ್ಲಿ ಕರ್ಚೀಫು.

ಆತ ಜೀಪಿನ ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡ. "ಮೇಡಂ, ನಿಮ್ಮ ವಯಸ್ಸಿನ ಮಗಳಿದ್ದಾಳೆ ನನಗೆ."

"ಗೊತ್ತು."

"ನನ್ನ ಬಾಯಿಂದ ಹೇಗೆ ಹೇಳಲಿ?"

"ಕೇಸಿನ ವಿಷಯ ಹೇಗೆ ಹೇಳ್ತೀರೋ ಹಾಗೇ ಹೇಳಿ."

ದಫೇದಾರ ಎದುರಿನ ಗಾಜನ್ನೇ ನೋಡುತ್ತ ಹೇಳಿದ. ಎರಡು ವರ್ಷದ ತೊಂದರೆ. ಡಾಕ್ಟರ ಹತ್ತಿರ ಹೋಗಲು ನಾಚಿಕೆ. ಮಾಮನೇ ಒಂದು ದಿನ ಕಿವಿಯಲ್ಲಿ ಹೇಳಿದ್ದ: 'ಎಲ್ಲಾ ಮನಸ್ಸಿಂದು ಸ್ವಾಮಿ, ಇದು ತಿಂದು ನೋಡಿ, ಬರೀ ಬೇರು.' ಹೇಳಿ ಮುಗಿಸಿ ಸೀಟಿನ ಕೆಳಗೆ ಕೈ ಹಾಕಿದ. ಕುದುರೆ ಸೀಸೆ ಹೊರಬಂತು.

"ಸಾಕ್ಷಿ ಅಂತ ತಗೊಳ್ಳಿ. ನನ್ನ ಹೆಸರೂ ಬರೀರಿ. ಮೇಷ್ಟ್ರು ಸಾಯೋಕೆ ಬಾಯಿ ಮುಚ್ಕೊಂಡಿದ್ದೇ ಕಾರಣ. ನಾನೂ ಮುಚ್ಕೊಂಡು ಕೂತ್ರೆ ಈ ಯೂನಿಫಾರಂ ಯಾಕೆ?"

ಲ್ಯಾಬಿನ ಉತ್ತರ ಬಂತು. ದಫೇದಾರನ ಸೀಸೆಯ ಪ್ರತಿ ಕ್ಯಾಪ್ಸೂಲಿನಲ್ಲೂ ಬೇರಿನ ಪುಡಿಯ ಜೊತೆ ಸಿಲ್ಡೆನಾಫಿಲ್.

* * *

ಮಾರನೇ ದಿನ ನಡುಮಧ್ಯಾಹ್ನ ದಫೇದಾರ ಮೆಡಿಕಲ್ ಶಾಪಿನ ಕಟ್ಟೆಗೆ ಒರಗಿ ನಿಂತ. ಕೈಯಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿ.

"ಮಾಮ, ಎದೆ ಹಿಡ್ಕೊಳ್ತಿದೆ. ಈ ಸ್ಪ್ರೇ ಕೊಡು."

ಮಾಮ ಚೀಟಿ ಓದಿದ. ದಫೇದಾರನ ಮುಖ ನೋಡಿದ. ಚೀಟಿ ಮಡಚಿ ವಾಪಸ್ಸು ಕೊಟ್ಟ.

"ಸ್ಟಾಕ್ ಇಲ್ಲ ಸ್ವಾಮಿ."

"ನಿನ್ನ ಬೆನ್ನ ಹಿಂದೇನೇ ಇದೆಯಲ್ಲ ಡಬ್ಬಿ."

"ಅದು... ಡೇಟು ಮುಗಿದಿದೆ. ನೀವು ದೊಡ್ಡಾಸ್ಪತ್ರೆಗೆ ಹೋಗಿ. ಈ ಸ್ಪ್ರೇ ಹೊಡ್ಕೋಬೇಡಿ. ಯಾರು ಕೊಟ್ರೂ ಬೇಡ. ಇವತ್ತಂತೂ ಬೇಡವೇ ಬೇಡ!"

"ಯಾಕೆ?" ಕೇಳಿದ್ದು ದಫೇದಾರನಲ್ಲ. ಪಕ್ಕದ ಕಂಬದ ಮರೆಯಿಂದ ಬಂದ ಇನ್‌ಸ್ಪೆಕ್ಟರ್. ಕಪಾಟಿನ ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಡೇಟು ಇನ್ನೂ ಬೇಕಾದಷ್ಟಿದೆ. ಬರೀ ಬೇರು ತಿನ್ನೋ ಮನುಷ್ಯನಿಗೆ ಇದನ್ನ ಕೊಡೋಕೆ ನಿಮಗ್ಯಾಕೆ ಭಯ?"

ಮಾಮನ ಕೈ ತಾನಾಗೇ ಹಿಂದಿನ ಕೋಣೆಯ ಬೀಗದ ಕೈಯಿದ್ದ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

"ಆ ಕೋಣೇನೂ ನೋಡೋಣ," ಎಂದಳು ಇನ್‌ಸ್ಪೆಕ್ಟರ್.

ಬಾಗಿಲು ತೆರೆಯಿತು. ಖಾಲಿ ಕ್ಯಾಪ್ಸೂಲಿನ ಚೀಲ. ಬೇರಿನ ಪುಡಿಯ ಡಬ್ಬ. ಮಾತ್ರೆ ಕುಟ್ಟಿ ಬಿಳಿಚಿದ ಕಲ್ಲು. ಮೂಲೆಯಲ್ಲಿ ಮಾತ್ರೆ ತೆಗೆದು ಬಿಸಾಡಿದ ಸ್ಟ್ರಿಪ್ಪುಗಳ ರಾಶಿ. ಗೋಡೆಗೆ ಆನಿಸಿಟ್ಟ ಕುದುರೆ ಸೀಸೆಗಳ ಸಾಲು.

ಮಾಮ ಸ್ಟೂಲಿನ ಮೇಲೆ ಕುಸಿದ. "ಕೊಲ್ಲಬೇಕು ಅಂತ ಇರಲಿಲ್ಲ ಮೇಡಂ. ದೇವರಾಣೆ."

"ಇರಲಿಲ್ಲ, ಒಪ್ತೀನಿ. ನಡೆದದ್ದನ್ನ ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಬೇರಿನ ಪುಡಿಗೆ ಮಾತ್ರೆ ಬೆರೆಸಿ ಮಾರಿದ್ರಿ. ಬೇರು ಅಂದ್ರೆ ಜನ ನಾಚಿಕೆ ಬಿಟ್ಟು ತಗೊಳ್ತಾರೆ. ಕೆಲಸ ಮಾಡ್ತಿದ್ದು ಮಾತ್ರೆ, ಹೆಸರು ಬಂದಿದ್ದು ಬೇರಿಗೆ. ಮೇಷ್ಟ್ರು ಹಾರ್ಟ್ ಡಾಕ್ಟ್ರ ಹತ್ತಿರ ಹೋದಾಗ ಅವರು ಸ್ಪಷ್ಟವಾಗಿ ಕೇಳಿದ್ದಾರೆ, ಆ ತರದ ಮಾತ್ರೆ ಏನಾದ್ರೂ ತಗೊಳ್ತೀರಾ ಅಂತ. ನಾನು ವಿಚಾರಿಸಿದೀನಿ. ಮೇಷ್ಟ್ರು ಇಲ್ಲ ಅಂದ್ರು. ಅವರು ಸುಳ್ಳು ಹೇಳಲಿಲ್ಲ. ಅವರು ತಿಂತಿದ್ದದ್ದು ಬರೀ ಬೇರು ಅಂತ ನೀವೇ ನಂಬಿಸಿದ್ರಿ. ಚೀಟಿ ನಿಮ್ಮ ಕೈಗೆ ಬಂತು. ಈ ಎರಡೂ ಸೇರಿದ್ರೆ ಸಾವು ಅಂತ ಈ ಬೀದೀಲಿ ಗೊತ್ತಿದ್ದವರು ನೀವೊಬ್ಬರೇ."

"ಹೇಳೋಣ ಅಂತ ಬಾಯಿವರೆಗೂ ಬಂತು," ಮಾಮ ಗೊಣಗಿದ. "ಅವರೇ ಕೇಳಿದ್ರು, 'ಇದರ ಜೊತೆ ಕುದುರೆ ತಗೋಬಹುದಾ' ಅಂತ. ಅಂಗಡೀಲಿ ಜನ ಇದ್ರು. ಹೂಂ ಅಂದುಬಿಟ್ಟೆ. ಏನೂ ಆಗಲಿಕ್ಕಿಲ್ಲ ಅಂದ್ಕೊಂಡೆ."

ದಫೇದಾರ ಕಣ್ಣು ಮುಚ್ಚಿಕೊಂಡ.

"ಆಯ್ತು," ಎಂದಳು ಇನ್‌ಸ್ಪೆಕ್ಟರ್. "ಕೂಗು ಕೇಳಿದ ಕೂಡ್ಲೇ ಏನಾಗಿದೆ ಅಂತ ನಿಮಗೆ ಅರ್ಥವಾಯ್ತು. ಬರೀ ಬೇರಿನ ಪುಡಿ ತುಂಬಿದ ಸೀಸೆ ಹಿಡ್ಕೊಂಡೇ ಓಡಿದ್ರಿ. ಜೇಬಲ್ಲಿ ಫೋನಿದ್ರೂ ಆಕೇನ ಆಫೀಸಿಗೆ ಕಳಿಸಿದ್ರಿ. ಸೀಸೆ ಬದಲಾಯಿಸಿದ್ರಿ. ಆಮೇಲೆ ಲ್ಯಾಬಿಗೆ ಕಳಿಸಿ ಅಂತ ನೀವೇ ನನಗೆ ಹೇಳಿದ್ರಿ. ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಡೋರನ್ನ ನಾನು ಮರೆಯಲ್ಲ."

"ಸೀಸೆ ಬದಲಾಯಿಸಿದೆ ಅನ್ನೋಕೆ ಏನಿದೆ?" ಮಾಮ ಕೊನೆಯ ಸಲ ತಲೆ ಎತ್ತಿದ. "ಅದರ ಮೇಲೆ ನನ್ನ ಬೆರಳಿದ್ರೆ ಆಶ್ಚರ್ಯ ಏನು? ಮಾರಿದವನು ನಾನು."

"ನಿಮ್ಮ ಬೆರಳಿದೆ, ಸರಿ. ಮೇಷ್ಟ್ರ ಬೆರಳೆಲ್ಲಿ? ಒಂದು ತಿಂಗಳು ತೆಗೆದೂ ಮುಚ್ಚಿದ ಸೀಸೆ. ಅವರ ಬೆರಳಿನದು ಒಂದೇ ಒಂದು ಗೆರೆ ಇಲ್ಲ. ಮಾರಿದವನ ಬೆರಳಿದೆ, ತಿಂದವನದ್ದಿಲ್ಲ. ಅಂದ್ರೆ ಆ ಸೀಸೆಯನ್ನ ಮೇಷ್ಟ್ರು ಯಾವತ್ತೂ ಮುಟ್ಟೇ ಇಲ್ಲ."

ದಫೇದಾರ ಕೈಕೋಳ ತೆಗೆದ. ಹಾಕುವ ಮುನ್ನ ಒಂದು ಕ್ಷಣ ತಡೆದ.

"ನನಗೆ ಸ್ಪ್ರೇ ಕೊಡಲಿಲ್ಲ ನೀನು. ಅದನ್ನೂ ಕೋರ್ಟಲ್ಲಿ ಹೇಳ್ತೀನಿ. ಆದ್ರೆ ಮೇಷ್ಟ್ರಿಗೂ ಕೊಡಬಾರದಿತ್ತು ಕಣೋ."

* * *

ಸಂಜೆ ಇನ್‌ಸ್ಪೆಕ್ಟರ್ ಮೇಷ್ಟ್ರ ಮನೆಗೆ ಹೋದಳು. ಈ ಸಲ ನಡುವಿನ ಬಾಗಿಲು ಹಾಕಲಿಲ್ಲ. ಹೆಂಡತಿ, ಅಕ್ಕ ಇಬ್ಬರೂ ಕೇಳಲಿ ಎಂದೇ ಎಲ್ಲ ಹೇಳಿದಳು. ಮೇಷ್ಟ್ರ ನಾಳಗಳು ಹೇಗೆ ಕಟ್ಟಿಕೊಳ್ಳುತ್ತ ಬಂದವು, ಹೃದಯಕ್ಕೂ ಮೊದಲು ಎಲ್ಲಿ ಸುಳಿವು ಕೊಟ್ಟವು, ಆ ಸುಳಿವನ್ನು ಆತ ಹೇಗೆ ಅವಮಾನವೆಂದುಕೊಂಡು ಮುಚ್ಚಿಟ್ಟರು ಎಂದು.

"ಆಗಲೇ ಡಾಕ್ಟ್ರ ಹತ್ತಿರ ಹೋಗಿದ್ರೆ ಹೃದಯಾನೂ ಉಳೀತಿತ್ತೇನೋ. ಬೇರೆ ಯಾವಳೂ ಇರಲಿಲ್ಲಮ್ಮ. ನಿಮ್ಮ ಮೇಲಿನ ಮನಸ್ಸೂ ಕಡಿಮೆಯಾಗಿರಲಿಲ್ಲ. ಕಾಯಿಲೆ ಇತ್ತು, ಅಷ್ಟೇ."

ಹೆಂಡತಿ ಅಳಲಿಲ್ಲ. ಒಂದು ವರ್ಷದಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಳು. ಮೇಷ್ಟ್ರ ಅಕ್ಕ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದವಳು ಒಳಗೆ ಬಂದಳು.

"ನಾನು ನಿನ್ನ ಮೇಲೆ ಠಾಣೆ ಮೆಟ್ಟಿಲು ಹತ್ತಿದೆ."

"ನೀವು ಹತ್ತಿದ್ದಕ್ಕೇ ಸತ್ಯ ಹೊರಗೆ ಬಂತು ಅಕ್ಕ," ಎಂದಳು ಹೆಂಡತಿ. "ಕೂತ್ಕೊಳ್ಳಿ."

* * *

ಉಳಿದದ್ದು ಒಂದೇ ಕೆಲಸ. ಕುದುರೆ ಸೀಸೆ ಇನ್ನೂ ಎಷ್ಟು ಮನೆಗಳಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ. ಅವುಗಳಲ್ಲಿ ಯಾವ ಮನೆಯಲ್ಲಿ ಎದೆನೋವಿನ ಸ್ಪ್ರೇಯೂ ಇತ್ತೋ ಅದೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಉಚಿತ ತಪಾಸಣೆ, ಸೀಸೆ ತಂದೊಪ್ಪಿಸಿ ಎಂದು ಮೈಕಿನಲ್ಲಿ ಕೂಗಿಸಿದರು. ಬೆಳಿಗ್ಗೆಯಿಂದ ಒಬ್ಬನೂ ಬರಲಿಲ್ಲ. ರಸ್ತೆಯಾಚೆ ಮಾತ್ರ ಗಂಡಸರು ಅಲ್ಲಲ್ಲಿ ನಿಂತು ಬಸ್ಸು ಕಾಯುವವರಂತೆ ನಟಿಸುತ್ತಿದ್ದರು. ಅದು ಬಸ್ಸು ನಿಲ್ಲುವ ಜಾಗವೇ ಅಲ್ಲ.

ದಫೇದಾರ ಯೂನಿಫಾರಂ ಇಸ್ತ್ರಿ ಮಾಡಿಸಿಕೊಂಡು ಬಂದ. ಎಲ್ಲರಿಗೂ ಕಾಣುವಂತೆ ಮೆಟ್ಟಿಲು ಹತ್ತಿದ. ಮೊದಲ ಕುರ್ಚಿಯಲ್ಲಿ ಕೂತು ತೋಳು ಚಾಚಿದ. ರಕ್ತ ತೆಗೆದರು. ಸಕ್ಕರೆ ಏರಿತ್ತು. ಎರಡು ವರ್ಷದಿಂದ ಒಳಗೊಳಗೇ ಕೊರೆಯುತ್ತಿದ್ದ ಕಳ್ಳ ಅದೇ ಇರಬೇಕು ಎಂದರು ಡಾಕ್ಟರು. ಗುಣವಾಗುತ್ತಾ ಎಂದು ದಫೇದಾರ ಬೀದಿಗೆ ಕೇಳಿಸುವಂತೆ ಜೋರಾಗಿ ಕೇಳಿದ. ಸಕ್ಕರೆ ಹತೋಟಿಗೆ ತಂದು ಸರಿಯಾದ ಔಷಧಿ ತಗೊಂಡರೆ ಬಹಳಷ್ಟು ಜನಕ್ಕೆ ಸುಧಾರಿಸುತ್ತೆ ಎಂದು ಡಾಕ್ಟರೂ ಅಷ್ಟೇ ಜೋರಾಗಿ ಹೇಳಿದರು.

ರಸ್ತೆಯಾಚೆ ಒಂದು ಗುಂಪು ಅಲುಗಾಡಿತು. ಮೊದಲು ಒಬ್ಬ ದಾಟಿದ. ಅವನ ಹಿಂದೆ ಇಬ್ಬರು. ಆಮೇಲೆ ಸಾಲು.

ಮುಂದೆ ಬಂದವನು ಕಾಗದದಲ್ಲಿ ಸುತ್ತಿದ ಸೀಸೆಯನ್ನು ಮೇಜಿನ ಮೇಲಿಟ್ಟು, ದನಿ ತಗ್ಗಿಸಿ ಹೇಳಿದ:

"ನಂದಲ್ಲ ಸಾರ್. ನನ್ನ ಸ್ನೇಹಿತನದು."

"ಆಯ್ತಪ್ಪ," ಎಂದರು ಡಾಕ್ಟರು, ಬಿಪಿ ಪಟ್ಟಿ ಬಿಚ್ಚುತ್ತ. "ನಿನ್ನ ಸ್ನೇಹಿತನ ತೋಳು ಈ ಕಡೆ ಕೊಡು."